ಉಪ್ಪು ಅರಿಶಿನ ಹಚ್ಚಿದ ಈಲಿ

ಹಳೆಯ ಕೆಲಸದ ಅನುಭವ ಪತ್ರವೊಂದು ಬೇಕಾಗಿತ್ತು. ಅದಕ್ಕೆಂದು ಕಳೆದ ತಿಂಗಳು ಹೊಳಲ್ಕೆರೆಯಿಂದ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಿದ್ದೆ. ಆರು ವರ್ಷದ ಹಿಂದೆ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ಫಾರ್ಮಸಿ ಕಾಲೇಜು ಅದು. ಗುಮಾಸ್ತರು ಊಟಕ್ಕೆ ಹೋಗಿದ್ದರು. ಕೂತು ಕೂತು ಬೇಸರವಾಗಿ ಕಾರಿಡಾರಿನಲ್ಲಿ ಅಡ್ಡಾಡುತ್ತ ಗೋಡೆಯ ಮೇಲಿನ ಪೋಸ್ಟರುಗಳನ್ನು ನೋಡುತ್ತಿದ್ದೆ. ಎಲ್ಲದಕ್ಕಿಂತ ಎದ್ದು ಕಾಣುವಂತೆ, ಗಾಜು ಹಾಕಿಸಿ ಚೌಕಟ್ಟು ಕಟ್ಟಿಸಿದ್ದ ಒಂದರ ಮುಂದೆ ನಿಂತೆ. ಯಾವುದೋ ಸಮ್ಮೇಳನದಲ್ಲಿ ಬಹುಮಾನ ಬಂದ ಪೋಸ್ಟರು. ಇಂಗ್ಲಿಷಿನಲ್ಲಿದ್ದ ಅದರ ಶೀರ್ಷಿಕೆಯ ಅರ್ಥ ಇಷ್ಟು: ಯಕೃತ್ತಿನ ತುಣುಕನ್ನು ಉಪ್ಪು ಅರಿಶಿನದಲ್ಲಿ ಕೆಡದಂತೆ ಇಟ್ಟು, ಅದರೊಳಗಿನ ಕಲೆಯನ್ನು ಅಳೆಯುವ ಸರಳ ವಿಧಾನ. ಕೆಳಗೆ ನಮ್ಮ ವಿಭಾಗದ ಮುಖ್ಯಸ್ಥರಾದ ಮೂರ್ತಿ ಸರ್ ಅವರ ಹೆಸರು. ಅವರೊಬ್ಬರದೇ.

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಉರಿಯಿತು ಎಂದು ಹೇಳಬೇಕಾದರೆ ಆ ವರ್ಷದ ಯುಗಾದಿಯಿಂದ ಶುರು ಮಾಡಬೇಕು.

ಆಗ ನನ್ನ ಕೆಲಸ ಇಲಿಗಳ ಜೊತೆ. ಮೂರ್ತಿ ಸರ್ ಯಾವುದೋ ಬೇರಿನ ಕಷಾಯ ಲಿವರ್ ಕಾಯಿಲೆಗೆ ಒಳ್ಳೆಯದು ಎಂದು ತೋರಿಸಲು ಹೊರಟಿದ್ದರು. ಅದಕ್ಕಾಗಿ ಇಲಿಗಳಿಗೆ ವಾರಗಟ್ಟಲೆ ಸೂಜಿಯಲ್ಲಿ ವಿಷ ಕೊಟ್ಟು ಲಿವರ್ ಹಾಳು ಮಾಡುವುದು, ಅರ್ಧ ಇಲಿಗಳಿಗೆ ಕಷಾಯ ಕುಡಿಸುವುದು, ಆಮೇಲೆ ಕೊಯ್ದು ಲಿವರಿನಲ್ಲಿ ಎಷ್ಟು ಕಲೆ ಕಟ್ಟಿದೆ ಎಂದು ಅಳೆಯುವುದು. ಕೈಗೆ ಗಾಯವಾದರೆ ಕಲೆ ಉಳಿಯುತ್ತದಲ್ಲ, ಲಿವರಿಗೂ ಹಾಗೆಯೇ. ಪೆಟ್ಟು ಬಿದ್ದ ಕಡೆ ಕೊಲಾಜೆನ್ ಎಂಬ ನಾರು ಕಟ್ಟಿಕೊಳ್ಳುತ್ತದೆ. ಆ ನಾರಿನಲ್ಲಿ ಹೈಡ್ರಾಕ್ಸಿಪ್ರೋಲಿನ್ ಎಂಬ ಒಂದು ವಸ್ತು ಇರುತ್ತದೆ, ಅದು ಮೈಯಲ್ಲಿ ಬೇರೆಲ್ಲೂ ಹೆಚ್ಚಾಗಿ ಸಿಗುವುದಿಲ್ಲ. ಲಿವರಿನ ತುಣುಕನ್ನು ಆಮ್ಲದಲ್ಲಿ ಹಾಕಿ ಒಂದು ಹಗಲು ಒಂದು ರಾತ್ರಿ ಓವನ್ನಿನಲ್ಲಿ ಬೇಯಿಸಿದರೆ ಎಲ್ಲ ಕರಗಿ ನೀರಾಗುತ್ತದೆ. ಅದಕ್ಕೆ ಎರಡು ಔಷಧಿ ಸೇರಿಸಿ ಬಿಸಿನೀರಿನಲ್ಲಿಟ್ಟರೆ ಬಣ್ಣ ಬರುತ್ತದೆ. ಕಲೆ ಕಡಿಮೆಯಿದ್ದರೆ ತೆಳು ಗುಲಾಬಿ, ಹೆಚ್ಚಿದ್ದರೆ ಕೆಂಪು. ಎಷ್ಟು ಕೆಂಪು ಎಂದು ಯಂತ್ರ ಹೇಳುತ್ತದೆ. ಮೂರು ವರ್ಷ ಇದನ್ನೇ ಮಾಡಿದ್ದೆ, ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸವಾಗಿತ್ತು.

ಯುಗಾದಿ ಕಳೆದು ಹತ್ತು ಹನ್ನೆರಡು ದಿನವಾಗಿರಬೇಕು, ಒಂದು ಮಧ್ಯಾಹ್ನ ಕಾವಲುಗಾರ ಬಸಣ್ಣ ಒಬ್ಬ ಹೆಂಗಸನ್ನು ಇಲಿ ಸಾಕುವ ಕೋಣೆಯ ಬಾಗಿಲಿಗೆ ತಂದು ನಿಲ್ಲಿಸಿದ.

"ಮೇಡಂ, ಈಯಮ್ಮ ಇಲಿ ನೋಡ್ಬೇಕಂತೆ. ಧರ್ಮಪುರದಿಂದ ಬಂದವ್ರೆ."

"ಇಲಿ ಅಲ್ಲ ಕಣಪ್ಪ, ಈಲಿ! ಈಲಿ ನೋಡೋರು ಅವ್ರಂತಲ್ಲ ಇಲ್ಲಿ?" ಎಂದಳು ಆಕೆ.

ಈಲಿ ಎಂದರೆ ಲಿವರ್. ಮಟನ್ ಅಂಗಡಿಯಲ್ಲಿ ಕಲೇಜ, ನಮ್ಮ ಪುಸ್ತಕದಲ್ಲಿ ಯಕೃತ್ತು. ಬಸಣ್ಣನ ಕಿವಿಗೆ ಇಲಿ ಎಂದು ಕೇಳಿಸಿತ್ತು. ಕಚೇರಿಗೆ ಕಳಿಸಿದ್ದರೆ ಗುಮಾಸ್ತರು ಬಾಗಿಲಿನಿಂದಲೇ ವಾಪಸ್ ಅಟ್ಟುತ್ತಿದ್ದರು. ಒಂದು ದೀರ್ಘ ತಪ್ಪಿದ್ದರಿಂದ ಆಕೆ ಸರಿಯಾದ ಬಾಗಿಲಿಗೇ ಬಂದಿದ್ದಳು. ನನಗೆ ನಗು ಬಂತು. ಆಕೆ ನಗಲಿಲ್ಲ. ಸೊಂಟದಲ್ಲಿದ್ದ ಗಂಟಿನಿಂದ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಹಳದಿ ಬಣ್ಣದ ಮೂರು ತುಂಡು ಈಲಿ. ಅರಿಶಿನದ ವಾಸನೆ, ಅದರಡಿ ಮಾಂಸದ ವಾಸನೆ.

"ಕೆಟ್ಟೋಗ್ಬಾರ್ದು ಅಂತ ಉಪ್ಪು ಅರಿಶಿನ ಹಚ್ಚಿಟ್ಟಿದ್ದೆ ಕಣವ್ವ. ಐದು ದಿನ ಆತು," ಎಂದಳು.

ಹೆಸರು ಕರಿಯಮ್ಮ. ಗಂಡ ಕ್ಯಾತಣ್ಣ, ಧರ್ಮಪುರದಾಚೆಯ ಹಟ್ಟಿಯಲ್ಲಿ ಕುರಿ ಕಾಯುವವನು. ತನ್ನವು ಹನ್ನೆರಡು, ಉಳಿದವು ಹಟ್ಟಿಯವರವು, ಊರಿನ ರುದ್ರಣ್ಣನವರವು. ಹುಟ್ಟಿದಾಗಿನಿಂದ ಅವನಿಗೆ ಬೇರೆ ಕಸುಬು ಗೊತ್ತಿಲ್ಲ. ಹಿಂದಿನ ವರ್ಷ ಆ ಒಣ ಸೀಮೆಯಲ್ಲಿ ಎಂದೂ ಇಲ್ಲದ ಮಳೆ. ಶೇಂಗಾ ಕೀಳುವ ಹೊತ್ತಿಗೆ ಹಿಡಿದ ಜಡಿ ಎರಡು ವಾರ ಬಿಡಲಿಲ್ಲ. ಕಿತ್ತು ಗುಡ್ಡೆ ಹಾಕಿದ ಬಳ್ಳಿಯಲ್ಲೇ ಕಾಯಿಗೆ ಬೂಷ್ಟು ಹಿಡಿಯಿತು. ಆ ಕಾಯಿಯನ್ನು ರುದ್ರಣ್ಣ ತಮ್ಮ ಎಣ್ಣೆ ಗಾಣಕ್ಕೆ ಹಾಕಿಕೊಂಡರು. ಹಿಂಡಿ ಬಂತು. ಕೊಳ್ಳುವವರಿಲ್ಲದ ಹಿಂಡಿಯನ್ನು, "ಕುರಿಗೆ ಹಾಕಪ್ಪ ಕ್ಯಾತಣ್ಣ, ಮೈ ತುಂಬ್ಕಂತವೆ" ಎಂದು ಮೂಟೆ ಮೂಟೆ ಹಟ್ಟಿಗೆ ಇಳಿಸಿದರು. ಕಾರ್ತಿಕದಿಂದ ಯುಗಾದಿಯವರೆಗೆ ಕುರಿಗಳು ಅದನ್ನೇ ತಿಂದವು.

"ಮಾಗಿ ಚಳಿಯಾಗೇ ಮೇವು ಬಿಟ್ವು ಕಣವ್ವ. ಕಣ್ಣು ಹಳದಿ ತಿರುಗಿದ್ವು. ಯುಗಾದಿ ಹಿಂದೆ ಮುಂದೆ ಒಂದೊಂದೇ ಬೀಳಾಕೆ ಶುರು ಮಾಡಿದ್ವು. ಮೂರು ವಾರದಾಗೆ ಹದಿನಾಲ್ಕು. ದನದ ಡಾಕ್ಟ್ರು ಬಂದಿದ್ದು ಒಂದೇ ದಿನ. ಬಂದೋರು ಕುರಿ ನೋಡ್ಲಿಲ್ಲ, ಪಕ್ಕದ ಹೊಲ ನೋಡಿದ್ರು."

ಪಕ್ಕದ ಹೊಲದಲ್ಲಿ ಜೋಳ ಕೊಯ್ದ ಕೂಳೆ, ಯುಗಾದಿ ಮಳೆಗೆ ಚಿಗುರಿತ್ತು. ಎಳೆ ಜೋಳದ ಚಿಗುರು ಕುರಿಗೆ ವಿಷ, ತಿಂದ ಒಂದೆರಡು ಗಂಟೆಯಲ್ಲಿ ಬಿದ್ದು ಒದ್ದಾಡಿ ಸಾಯುತ್ತವೆ. ಈ ಸೀಮೆಯಲ್ಲಿ ಕುರಿ ಕಾಯುವ ಯಾವನಿಗೂ ಅದು ಗೊತ್ತಿಲ್ಲದ ವಿಷಯವಲ್ಲ. ಡಾಕ್ಟರು ಬರೆದು ಹೋದರು: ಕಾಯುವವನ ನಿರ್ಲಕ್ಷ್ಯ, ಕುರಿಗಳು ಎಳೆ ಜೋಳ ಮೇದು ಸತ್ತಿವೆ, ಹೂಳಿಬಿಡಿ. ಬೂಷ್ಟು ಕಾಯಿಯ ಹಿಂಡಿಯಿಂದ ಈಲಿ ನಿಧಾನವಾಗಿ ಹಾಳಾಗಬಹುದು, ಆ ಹಿಂಡಿಯ ಮಾತೇ ಇಲ್ಲ. ರುದ್ರಣ್ಣ ಹಟ್ಟಿಯವರನ್ನು ಸೇರಿಸಿ, "ಜೋಳದ ಹೊಲಕ್ಕೆ ಕುರಿ ಬಿಟ್ಟೋನ ಕೈಗೆ ಇನ್ಮೇಲೆ ಯಾರೂ ಕುರಿ ಕೊಡಬ್ಯಾಡ್ರಿ. ಕೋಲು ಕೆಳಗಿಡ್ಲಿ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ. ಹಟ್ಟಿಯ ಹಿರಿಯರು ಒಂದು ತಿಂಗಳು ತಡೆಯಿರಿ, ನೋಡೋಣ ಎಂದಿದ್ದರು.

"ಹೂಳೋ ಮುಂಚೆ ನಾನೇ ಕೊಯ್ದೆ," ಎಂದಳು ಕರಿಯಮ್ಮ. "ಈಲಿ ಅಂದ್ರೆ ಬೆಣ್ಣೆ ಕೊಯ್ದಂಗೆ ಕೊಯ್ಬೇಕು. ಇದು ಚಾಕು ಇಳೀವಲ್ದು, ಹಳೇ ಚಪ್ಪಲಿ ಅಟ್ಟೆ ಇದ್ದಂಗೈತೆ. ಒಂದೇ ದಿನದಾಗೆ ಹಿಂಗಾಗ್ತೈತೇನವ್ವ? ನೀನೇ ಹೇಳು."

ಮೂರು ತುಂಡಿಗೂ ಉಣ್ಣೆಯ ದಾರ ಕಟ್ಟಿದ್ದಳು. ಒಂದು ಗಂಟು ತಮ್ಮ ಕುರಿಯದು, ಎರಡು ಗಂಟು ರುದ್ರಣ್ಣನದು, ಮೂರು ಗಂಟು ಹಟ್ಟಿಯ ಪೂಜಾರಪ್ಪನದು. ನಮ್ಮ ಲ್ಯಾಬಿನಲ್ಲಿ ಓದಿದ ಹುಡುಗರು ಟ್ಯೂಬಿಗೆ ಚೀಟಿ ಅಂಟಿಸುವುದನ್ನೇ ಮರೆಯುತ್ತಿದ್ದರು. ನಾನು ಒಂದು ತುಂಡನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡಿದೆ. ಆಕೆ ಹೇಳಿದ್ದು ನಿಜ. ಒಂದು ದಿನದಲ್ಲಿ ಸತ್ತ ಕುರಿಯ ಈಲಿ ಅಲ್ಲ ಅದು. ಗಾಯ ಒಂದು ದಿನದಲ್ಲಿ ಆಗಬಹುದು, ಕಲೆ ಕಟ್ಟಲು ತಿಂಗಳುಗಳು ಬೇಕು. ಅಳೆದು ತೋರಿಸಿದರೆ ಕ್ಯಾತಣ್ಣನ ಕೋಲು ಅವನ ಕೈಯಲ್ಲೇ ಉಳಿಯುತ್ತದೆ ಎಂದುಕೊಂಡೆ. ಕಾಗದ ಕೊಡುತ್ತೇನೆ, ಹೋಗಿಬಾ ಎಂದೆ. ಎಷ್ಟು ಸಲೀಸಾಗಿ ಹೇಳಿದೆ!

ಮೊದಲ ತಪ್ಪು ನನ್ನದೇ. ಆತುರದಲ್ಲಿ, ಇಲಿಯ ಲಿವರಿಗೆ ಮಾಡಿದ ಹಾಗೆಯೇ ತುಂಡು ಕತ್ತರಿಸಿ ತೂಗಿ ಆಮ್ಲಕ್ಕೆ ಹಾಕಿಬಿಟ್ಟೆ. ಮಾರನೆಯ ದಿನ ಬಂದ ಕೆಂಪು ನೋಡಿ ಕುಣಿಯುವಂತಾಯಿತು, ಇಲಿಗಳಲ್ಲಿ ಎಂದೂ ಅಂಥ ಕೆಂಪು ಬಂದಿರಲಿಲ್ಲ. ಮೂರ್ತಿ ಸರ್‌ಗೆ ತೋರಿಸಿದೆ. ಅವರು ಟ್ಯೂಬು ಎತ್ತಿ ಬೆಳಕಿಗೆ ಹಿಡಿದು, ಡಬ್ಬಿ ಮೂಸಿ, ಎಲ್ಲ ಹುಡುಗರ ಮುಂದೆ ಕೇಳಿದರು: "ಇದೇನಮ್ಮ, ಲ್ಯಾಬೋ ಅಡುಗೆಮನೆಯೋ? ಈರುಳ್ಳಿ ಒಂದು ಕಡಿಮೆ ಆಯ್ತಲ್ಲ." ಹುಡುಗರೆಲ್ಲ ನಕ್ಕರು.

ಅವಮಾನವಾಯಿತು, ಆದರೆ ಅವರು ಎತ್ತಿದ ಮಾತಿನಲ್ಲಿ ಹುರುಳಿತ್ತು. ಉಪ್ಪು ಮಾಂಸದ ನೀರನ್ನು ಹೀರಿರುತ್ತದೆ, ಹಾಗಾಗಿ ಅದೇ ತೂಕದಲ್ಲಿ ನಾರು ಹೆಚ್ಚು ಕಾಣುತ್ತದೆ. ಅರಿಶಿನ ಅಷ್ಟು ಕಡು ಆಮ್ಲದಲ್ಲಿ ತಾನೂ ಕೆಂಪಾಗಿ ಯಂತ್ರದ ಕಣ್ಣಿಗೆ ಮಣ್ಣೆರಚುತ್ತದೆ. ಹಾಗೆಂದು ಬಿಡುವುದೇ? ತಪ್ಪಿದ್ದರೆ ತಿದ್ದಬೇಕು, ನಗುವುದಲ್ಲ. ಸಂಜೆ ಹೊಳಲ್ಕೆರೆ ರಸ್ತೆಯ ಮಟನ್ ಅಂಗಡಿಗೆ ಹೋಗಿ ಒಳ್ಳೆಯ ಕುರಿಯ ಕಲೇಜ ಕೊಂಡೆ. ಅರ್ಧಕ್ಕೆ ಕರಿಯಮ್ಮ ಹಚ್ಚಿದಂತೆ ಉಪ್ಪು ಅರಿಶಿನ ಹಚ್ಚಿ ಸ್ಟೀಲ್ ಡಬ್ಬಿಯಲ್ಲಿ ಐದು ದಿನ ಇಟ್ಟೆ. ಇನ್ನರ್ಧ ಏನೂ ಹಚ್ಚದೆ ಫ್ರೀಜರಿನಲ್ಲಿಟ್ಟೆ. ಕರಿಯಮ್ಮನ ಉಳಿದ ತುಂಡುಗಳನ್ನೂ ಫ್ರೀಜರಿನಲ್ಲೇ ಇಟ್ಟೆ. ಐದು ದಿನ ಕಳೆದ ಮೇಲೆ ಎಲ್ಲವನ್ನೂ ನೀರಿನಲ್ಲಿ ತೊಳೆದು ಉಪ್ಪು ಬಿಡಿಸಿದೆ, ಹಳದಿ ಬಿಡುವುದು ನಿಲ್ಲುವವರೆಗೆ ಸ್ಪಿರಿಟ್ಟಿನಲ್ಲಿ ತೊಳೆದೆ, ಪೂರ್ತಿ ಒಣಗಿಸಿದೆ, ಒಣ ತೂಕದ ಮೇಲೆ ಅಳೆದೆ. ಒಂದಲ್ಲ, ಮೂರು ಸಲ. ಇಲಿಗಳ ಕೆಲಸ ಮುಗಿಸಿ, ನನ್ನ ಊಟದ ಹೊತ್ತಿನಲ್ಲಿ.

ಅಂಗಡಿಯ ಕಲೇಜದಲ್ಲಿ ಅರಿಶಿನ ಹಚ್ಚಿದ್ದೂ ಹಚ್ಚದ್ದೂ ಒಂದೇ ತೆಳು ಗುಲಾಬಿ. ಅಂದರೆ ಉಪ್ಪು ಅರಿಶಿನ ಏನೂ ಕೆಡಿಸಿರಲಿಲ್ಲ, ಬದಲಿಗೆ ಐದು ದಿನದ ಬಿಸಿಲು, ಬಸ್ಸು ಎಲ್ಲವನ್ನೂ ತಡೆದು ಕರಿಯಮ್ಮನ ತುಂಡುಗಳನ್ನು ಕಾಪಾಡಿತ್ತು. ಒಂದು ಗಂಟು, ಎರಡು ಗಂಟು, ಮೂರು ಗಂಟು, ಮೂರರಲ್ಲೂ ಅದರ ಎರಡು ಪಟ್ಟು ಮೀರಿದ ಕೆಂಪು. ಮೂರು ಬೇರೆ ಬೇರೆ ಮಾಲೀಕರ ಕುರಿಗಳು, ಒಂದೇ ಕಥೆ ಹೇಳಿದವು.

ಯಾವ ವಿಷ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಅದನ್ನು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಇವು ತಿಂಗಳುಗಟ್ಟಲೆ ನರಳಿದ ಕುರಿಗಳು, ಒಂದು ಬೆಳಗ್ಗೆ ಜೋಳ ಮೇದು ಬಿದ್ದವೆಂದು ಈ ಈಲಿ ನೋಡಿದವರು ಬರೆಯುವುದಿಲ್ಲ ಎಂಬಷ್ಟು ಮಾತ್ರ ಬರೆದು, ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಸಹಿ ಕೊಡಿ ಎಂದು ಮೂರ್ತಿ ಸರ್ ಮುಂದೆ ಇಟ್ಟೆ.

ಅವರು ಓದಿದರು. ಅರ್ಥವಾಯಿತು, ಅವರೇನು ದಡ್ಡರಲ್ಲ. ಆದರೆ ರುದ್ರಣ್ಣ ನಮ್ಮ ಆಡಳಿತ ಮಂಡಳಿಯವರಿಗೆ ಬೇಕಾದವರು.

"ಹೊರಗಿನ ಮಾದರಿ, ಅನುಮತಿ ಇಲ್ಲ. ನಮಗ್ಯಾಕಮ್ಮ ಊರ ಉಸಾಬರಿ?"

"ಸರ್, ಒಂದು ಇಲಿ ಸತ್ತರೆ ಎಷ್ಟು ಹಾಳೆ ತುಂಬಿಸ್ತೀವಿ! ಆ ಹದಿನಾಲ್ಕು ಕುರಿಗೆ ಒಂದು ಹಾಳೆ ಕೊಡೋಕಾಗಲ್ವಾ?"

"ಲ್ಯಾಬ್ ನೋಟ್‌ಬುಕ್ ಕಾಲೇಜಿನದು. ಅದನ್ನ ಇಲ್ಲೇ ಬಿಟ್ಟು ಹೋಗು," ಎಂದರು.

ಬಿಟ್ಟು ಬಂದೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ನಾನೇ ಬರೆದು, ನಾನೇ ಸಹಿ ಹಾಕಿ, ತಿಂಗಳು ತುಂಬುವ ಭಾನುವಾರ ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಧರ್ಮಪುರಕ್ಕೆ ಹೋದೆ. ಹಟ್ಟಿಯ ಜಾಲಿ ಮರದ ಕೆಳಗೆ ಹಿರಿಯರು ಕೂತಿದ್ದರು, ರುದ್ರಣ್ಣನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಕ್ಯಾತಣ್ಣನನ್ನು ನಾನು ಮೊದಲ ಸಲ ನೋಡಿದ್ದು ಅಂದು. ಎತ್ತರದ ಆಳು, ಕೋಲಿನ ಮೇಲೆ ಎರಡೂ ಕೈ ಊರಿ ನಿಂತಿದ್ದ. ನಾನು ನನ್ನ ಹಾಳೆ ಓದಿದೆ. ಹಿರಿಯರು ತಲೆದೂಗಿದರು. ಪೂಜಾರಪ್ಪ, "ಹೌದಪ್ಪ, ನನ್ ಕುರಿ ಮಾಗಿಯಾಗೇ ಸೊರಗಿತ್ತು" ಎಂದ. ಗೆದ್ದೆವು ಎಂದುಕೊಂಡೆ.

ಆಗ ರುದ್ರಣ್ಣ ಜೇಬಿನಿಂದ ಮಡಿಸಿದ ಕಾಗದ ತೆಗೆದರು. ನಮ್ಮ ಕಾಲೇಜಿನ ಲೆಟರ್‌ಹೆಡ್ಡು, ಕೆಳಗೆ ಮೂರ್ತಿ ಸರ್ ಸಹಿ, ಸೀಲು. "ಸದರಿ ಮಾದರಿಗಳು ಅಡುಗೆ ಪದಾರ್ಥಗಳಿಂದ ಕಲುಷಿತಗೊಂಡಿದ್ದು, ಫಲಿತಾಂಶ ನಂಬಲರ್ಹವಲ್ಲ." ನನಗೆ ನಿರಾಕರಿಸಿದ ಹಾಳೆ ಅವರಿಗೆ ಕೇಳಿದ ತಕ್ಷಣ ಸಿಕ್ಕಿತ್ತು. ನಾಚಿಕೆಯಾಗಬೇಕು!

"ಉಪ್ಪು ಅರಿಶಿನ ಹಚ್ಚಾದು ಸಾರಿಗೆ ಹಾಕಾಕೆ ಕಣಮ್ಮ, ಸಾಕ್ಷಿ ಹೇಳ್ಸಾಕಲ್ಲ," ಎಂದು ನಕ್ಕರು ರುದ್ರಣ್ಣ.

ನಾನು ಕೂಗಾಡಿದೆ. ಏನೇನು ಹೇಳಿದೆನೋ ನೆನಪಿಲ್ಲ, ಯಾರಿಗೂ ಅರ್ಥವಾದಂತೆಯೂ ಕಾಣಲಿಲ್ಲ. ಕರಿಯಮ್ಮ ಕೂಗಲಿಲ್ಲ. ಗುಡಿಸಲಿಗೆ ಹೋಗಿ ಉಳಿದಿದ್ದ ಅರ್ಧ ಮೂಟೆ ಹಿಂಡಿಯನ್ನು ಎಳೆದು ತಂದು ರುದ್ರಣ್ಣನ ಕುರ್ಚಿಯ ಮುಂದೆ ಇಟ್ಟಳು.

"ಅಣ್ಣಾರೆ, ಇದು ಒಳ್ಳೇ ಹಿಂಡೀನೇ ಆಗಿದ್ರೆ ನಿಮ್ಮ ಕರಾವಿನ ಎಮ್ಮೆಗೆ ಹಾಕ್ರಿ. ನಾನೇ ಹೊತ್ಕಂಡು ಬತ್ತೀನಿ. ನಡೀರಿ, ಈಗ್ಲೇ ಹೋಗಾಣ."

ರುದ್ರಣ್ಣ ಮೂಟೆ ನೋಡಿದರು. ಎದ್ದರು. "ಹೆಂಗಸ್ರ ಕುಟೆ ಏನು ಮಾತು," ಎಂದು ಬೈಕು ಹತ್ತಿ ಹೊರಟೇಹೋದರು. ಕಳ್ಳನ ಮನಸ್ಸು ಹುಳ್ಳಗೆ ಎಂಬುದನ್ನು ಅಲ್ಲಿದ್ದ ಎಲ್ಲರೂ ಕಣ್ಣಾರೆ ಕಂಡರು. ಕಂಡೂ ಏನಾಯಿತು? ಹಿರಿಯರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡು, "ಎಲ್ಲ ಸರಿ ಕಣವ್ವ, ಆದ್ರೆ ಸೀಲು ಹಾಕಿದ ಕಾಗದ ಹಂಗ್ ಹೇಳ್ತೈತಲ್ಲ. ಸರ್ಕಾರಿ ಡಾಕ್ಟ್ರುದ್ದು ಒಂದು, ಕಾಲೇಜಿಂದು ಒಂದು. ನಾವೇನ್ ಮಾಡಾಣ?" ಎಂದರು. ಕ್ಯಾತಣ್ಣ ಕೋಲನ್ನು ಜಾಲಿ ಮರಕ್ಕೆ ಒರಗಿಸಿ, ಹಿಂದೆ ತಿರುಗಿ ನೋಡದೆ ನಡೆದುಬಿಟ್ಟ. ಸುಳ್ಳಿನ ಎದುರು ಸೋತಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ, ಒಂದು ಸೀಲಿನ ಎದುರು ಸೋತೆವು. ಮರುದಿನವೇ ನಾನು ಕೆಲಸ ಬಿಟ್ಟೆ. ಈಗ ಹೊಳಲ್ಕೆರೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ.

ಇದೆಲ್ಲ ನೆನಪಾಗಿ ಕಾರಿಡಾರಿನಲ್ಲಿ ನಿಂತಲ್ಲೇ ಆ ಪೋಸ್ಟರನ್ನು ಸಾಲು ಸಾಲಾಗಿ ಓದಿದೆ. ನೀರಿನಲ್ಲಿ ತೊಳೆಯುವುದು, ಸ್ಪಿರಿಟ್ಟು, ಒಣ ತೂಕ, ಅಂಗಡಿಯ ಕಲೇಜದ ಹೋಲಿಕೆ, ಎಲ್ಲ ನನ್ನ ನೋಟ್‌ಬುಕ್ಕಿನದೇ. ಅಂದು ನಕ್ಕ ಅಡುಗೆಮನೆ ಇಂದು ವಿಧಾನವಾಗಿತ್ತು. ಕಲುಷಿತವಾಗಿದ್ದ ಅರಿಶಿನಕ್ಕೆ ಬಹುಮಾನ ಬಂದಿತ್ತು. ನನ್ನ ಹೆಸರು ಹೋಗಲಿ, ಕರಿಯಮ್ಮನ ಹೆಸರೂ ಇಲ್ಲ. ಬಾಯಿಗೆ ಬಂದ ಬೈಗುಳ ನುಂಗಿಕೊಂಡು ಕೆಳಗಿಳಿದರೆ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸಿಕ್ಕಿತು. ಮಾದರಿಗಳು ಎಲ್ಲಿಯವು ಎಂದು ಹೇಳಲೇಬೇಕಲ್ಲ, ಹೇಳಿದ್ದರು: "ಹಿರಿಯೂರು ತಾಲ್ಲೂಕಿನ, ತಿಂಗಳುಗಟ್ಟಲೆ ಯಕೃತ್ತಿನ ಹಾನಿಯಿಂದ ನರಳಿ ಸತ್ತ ಮೂರು ಕುರಿಗಳು." ಅದರ ಕೆಳಗೆ, ಮಾದರಿಗಳು ನಿಜವೆಂದು ದೃಢೀಕರಿಸಿ ಮೂರ್ತಿ ಸರ್ ಹಾಕಿದ ಸಹಿ. ಅದರ ಪಕ್ಕದಲ್ಲಿ ಕಾಲೇಜಿನ ಸೀಲು.

ಎರಡು ಸಲ ಓದಿದೆ. ಆಮೇಲೆ ಪೋಸ್ಟರನ್ನು ಮೊಳೆಯಿಂದ ಇಳಿಸಿ, ವೇಲಿನಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡೆ. ಕದ್ದ ಮಾಲನ್ನು ವಾಪಸ್ ತೆಗೆದುಕೊಂಡರೆ ಅದಕ್ಕೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ. ಗೇಟಿನಲ್ಲಿ ಅದೇ ಬಸಣ್ಣ, ಈಗ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಏನ್ ಮೇಡಂ ಅದು?"

"ಈಲಿ ಬಸಣ್ಣ. ಇಲಿ ಅಲ್ಲ."

ಅವನು ನನ್ನ ಮುಖ ನೋಡಿ, ಕಂಕುಳು ನೋಡಿ, ಗೇಟು ತೆಗೆದ. ಅನುಭವ ಪತ್ರ ಅಲ್ಲೇ ಉಳಿಯಿತು.

ಕ್ಯಾತಣ್ಣ ಕರಿಯಮ್ಮ ಹಟ್ಟಿ ಬಿಟ್ಟು ಹಿರಿಯೂರಿನ ಪಕ್ಕದ ಬಬ್ಬೂರಿಗೆ ಬಂದು ಕೂಲಿ ಮಾಡುತ್ತಿದ್ದಾರೆಂದು ಕೇಳಿದ್ದೆ. ಕಾಲೇಜಿನಿಂದ ನೇರ ಹಿರಿಯೂರಿನ ಬಸ್ಸು ಹತ್ತಿ, ವಿಚಾರಿಸಿಕೊಂಡು ಹೋದೆ. ಮೂರೂವರೆಗೆ ಕೆಲಸ ಮುಗಿಸಿ ಬಂದಿದ್ದರು. ಶೀಟಿನ ಒಂದು ಕೋಣೆ, ಮುಂದೆ ಒಂದು ಕುರಿಯೂ ಇಲ್ಲ.

"ಬರ್ರಿ, ಕುಂತ್ಕಳ್ರಿ," ಎಂದು ಕರಿಯಮ್ಮ ಚಾಪೆ ಹಾಸಿದಳು. ಗುರುತು ಸಿಕ್ಕ ಮೇಲೆ, "ಅಯ್ಯೋ ನೀನೇನವ್ವ!" ಎಂದು ಕೈ ಹಿಡಿದುಕೊಂಡಳು. ನಾನು ವೇಲು ಬಿಚ್ಚಿ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಆಕೆ ಗಾಜಿನ ಮೇಲೆ ಬೆರಳಾಡಿಸಿ, "ಉಪ್ಪು ಅರಿಶಿನ ಅಂತ ಅವತ್ತು ನಗಾಡಿದ್ರು. ಇವತ್ತು ಗಾಜು ಹಾಕ್ಸವ್ರೆ ನೋಡು," ಎಂದಳು.

ಕ್ಯಾತಣ್ಣ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದ. ಕೊನೆಯ ಸಾಲು ಇನ್ನೊಮ್ಮೆ ಓದು ಎಂದು ಕೈ ಮಾಡಿದ. ಓದಿದೆ.

"ತಿಂಗಳುಗಟ್ಲೆ ಅಂತ ಐತಾ?"

"ಐತೆ."

"ಸೀಲು?"

ತೋರಿಸಿದೆ. ಅವನು ಬಗ್ಗಿ ಆ ನೀಲಿ ದುಂಡು ಗುರುತನ್ನು ಬಹಳ ಹೊತ್ತು ನೋಡಿದ. ಕರಿಯಮ್ಮ ಎದ್ದು ಬಾಗಿಲ ಹಿಂದಿನಿಂದ ಕೋಲು ತಂದಳು. ಜಾಲಿ ಮರಕ್ಕೆ ಒರಗಿಸಿ ಬಂದಿದ್ದ ಅದೇ ಕೋಲು. ಅಂದು ಅವನು ಹಿಂದೆ ತಿರುಗಿ ನೋಡಿರಲಿಲ್ಲ, ಆಕೆ ನೋಡಿದ್ದಳು.

ಕ್ಯಾತಣ್ಣ ಕೋಲು ತೆಗೆದುಕೊಂಡು ಎದ್ದು ನಿಂತ. ಪೋಸ್ಟರನ್ನು ಕಂಕುಳಿಗೆ ಸಿಗಿಸಿಕೊಂಡ.

"ಧರ್ಮಪುರದ ಬಸ್ಸು ಎಷ್ಟೊತ್ತಿಗೈತವ್ವ?" ಎಂದು ಕೇಳಿದ.